ದಕ್ಷಿಣ ಇಟಲಿಯ ಹಳೆ ಊರುಗಳು, ಕಡಲತೀರ: ಕಾರಿನಲ್ಲಿ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ನಕ್ಷೆ ಬೂಟಿನ ಹಾಗೆ ಕಾಣುತ್ತದೆ, ಅಲ್ವಾ? ಆ ಬೂಟಿನ ಹಿಮ್ಮಡಿಯೇ ಪುಲ್ಯಾ. ಹಿಮ್ಮಡಿಗೂ ಬೆರಳಿಗೂ ನಡುವಿನ ಬೆಟ್ಟನಾಡು ಬಸಿಲಿಕಾತಾ. ರೋಮ್, ವೆನಿಸ್, ಫ್ಲಾರೆನ್ಸ್ ನೋಡಿ ಬಂದವರಲ್ಲಿ ಹೆಚ್ಚಿನವರು ಈ ಕಡೆ ಇಳಿದೇ ಇರುವುದಿಲ್ಲ. ನಾನು ಇಲ್ಲಿ ಎರಡು ಸಲ ಕಾರು ಓಡಿಸಿದ್ದೇನೆ. ಆಮೇಲೆ ಬೆಂಗಳೂರಿನಿಂದ, ಜರ್ಮನಿಯಿಂದ, ದುಬೈಯಿಂದ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅವರಿಗೆ ಕೊಟ್ಟ ಉತ್ತರಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಇಟಲಿಯಲ್ಲಿ ರೈಲು ಚೆನ್ನಾಗಿದೆಯಲ್ಲ, ಕಾರು ಯಾಕೆ ಬೇಕು?

ಬಾರಿ, ಬ್ರಿಂದಿಸಿ, ಲೆಚ್ಚೆ, ಪುಲ್ಯಾದ ಈ ದೊಡ್ಡ ಊರುಗಳಷ್ಟೇ ಸಾಕು ಅನ್ನುವವರಿಗೆ ರೈಲೇ ಒಳ್ಳೆಯದು. ಆದರೆ ಈ ಸೀಮೆಯ ಸೊಗಸು ಇರುವುದು ಸಣ್ಣ ಊರುಗಳಲ್ಲಿ. ಒಂದು ಗುಡ್ಡದ ಮೇಲೆ ಒಂದು ಬಿಳಿ ಊರು, ಹತ್ತು ಕಿಲೋಮೀಟರ್ ಆಚೆ ಇನ್ನೊಂದು. ನಡುವೆ ಕಲ್ಲುಬೇಲಿ, ಆಲಿವ್ ತೋಟ, ಕೆಂಪು ಮಣ್ಣು. ಕಡಲತೀರದ ಒಳ್ಳೆಯ ಜಾಗಗಳಿಗೆ ಬಸ್ಸು ಬೇಸಿಗೆಯಲ್ಲಿ ಮಾತ್ರ, ಅದೂ ಅಪರೂಪಕ್ಕೆ. ಕಾರಿದ್ದರೆ ಬೆಳಿಗ್ಗೆ ಏಳಕ್ಕೆ ಸಮುದ್ರ, ಸಂಜೆ ಏಳಕ್ಕೆ ಗುಡ್ಡದೂರಿನ ಚೌಕ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಾರು ಬೇಕಾಗುವುದು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು. ಊರೊಳಗೆ ಅಲ್ಲ. ಕಾರು ಊರ ಬಾಗಿಲವರೆಗೆ ಬರಲಿ, ಅಲ್ಲಿಂದ ಮುಂದೆ ಕಾಲ್ನಡಿಗೆ. ಇದೊಂದನ್ನು ಒಪ್ಪಿಕೊಂಡರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಭಾರತದ ಲೈಸೆನ್ಸ್ ನಡೆಯುತ್ತದೆಯೇ?

ಬರೀ ಅದೊಂದೇ ಸಾಲದು. ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ನಿಮ್ಮ ಆರ್‌ಟಿಒ ಕಚೇರಿಯೇ ಕೊಡುತ್ತದೆ, ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಒಂದು ವರ್ಷ ನಡೆಯುತ್ತದೆ. ಎರಡೂ ಕೈಯಲ್ಲಿರಲಿ, ಪರ್ಮಿಟ್ ಇದೆ ಅಂತ ಮೂಲ ಲೈಸೆನ್ಸ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಯುರೋಪಿಯನ್ ಒಕ್ಕೂಟದ ದೇಶದ ಲೈಸೆನ್ಸ್ ಇರುವ ಕನ್ನಡಿಗರಿಗೆ ಪರ್ಮಿಟ್‌ನ ಅಗತ್ಯ ಇಲ್ಲ. ಭಾರತದ ಲೈಸೆನ್ಸ್ ಇಟ್ಟುಕೊಂಡು ಇಟಲಿಯಲ್ಲೇ ನೆಲೆಸಿದವರಾದರೆ ಒಂದು ವರ್ಷದ ನಂತರ ಅಲ್ಲಿನದ್ದೇ ಲೈಸೆನ್ಸ್ ತೆಗೆದುಕೊಳ್ಳಬೇಕು.

ಯಾವ ಕಾರು ತೆಗೆದುಕೊಳ್ಳಲಿ?

ಚಿಕ್ಕದು. ಫಿಯಾಟ್ ಪಾಂಡಾದಂಥದ್ದು. ಎರಡು ದೊಡ್ಡ ಸೂಟ್‌ಕೇಸ್ ಇದೆ ಎಂದು ದೊಡ್ಡ ಎಸ್‌ಯುವಿ ಬಾಡಿಗೆಗೆ ಹಿಡಿಯಬೇಡಿ, ಸೂಟ್‌ಕೇಸ್ ಚಿಕ್ಕದು ಮಾಡಿ. ಇಲ್ಲಿನ ಹಳ್ಳಿ ರಸ್ತೆಗಳ ಎರಡೂ ಬದಿಗೆ ಕಲ್ಲುಗೋಡೆ ಇರುತ್ತದೆ. ಎದುರಿಗೆ ಟ್ರ್ಯಾಕ್ಟರ್ ಬಂದಾಗ ಚಿಕ್ಕ ಕಾರಿನ ಬೆಲೆ ಗೊತ್ತಾಗುತ್ತದೆ.

ಹೆಚ್ಚಿನ ಬಾಡಿಗೆ ಕಾರುಗಳು ಗೇರಿನವು. ಆಟೊಮ್ಯಾಟಿಕ್ ಬೇಕಾದರೆ ತಿಂಗಳುಗಳ ಮೊದಲೇ ಬುಕ್ ಮಾಡಿ. ಚಾಲಕನ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಡೆಪಾಸಿಟ್ ಅದರಲ್ಲೇ ಹಿಡಿದಿಡುತ್ತಾರೆ. ಪೂರ್ತಿ ವಿಮೆಗೆ ದುಡ್ಡು ಕೊಡಿ, ಜಿಪುಣತನ ಬೇಡ. ಮಕ್ಕಳಿದ್ದರೆ ಸೀಟು ಮೊದಲೇ ಕೇಳಿ: 150 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಗುವಿಗೆ ಅದು ಕಡ್ಡಾಯ. ಕೀಲಿ ಕೈಗೆ ಬಂದ ಕೂಡಲೇ ಕಾರನ್ನು ಸುತ್ತು ಹಾಕಿ ವೀಡಿಯೊ ಮಾಡಿ. ಚಕ್ರದ ಅಂಚಿನ ಗೀರನ್ನೂ ಬಿಡಬೇಡಿ.

ಬಲಗಡೆ ಓಡಿಸುವುದು ಕಷ್ಟವೇ?

ಮೊದಲ ಅರ್ಧ ದಿನ ಕೈ ಬಾಗಿಲಿನಲ್ಲಿ ಗೇರ್ ಹುಡುಕುತ್ತದೆ. ಆಮೇಲೆ ಸರಿಹೋಗುತ್ತದೆ. ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ ಮಾತು ಒಂದೇ: ಓಡಿಸುವವನ ಸೀಟು ಯಾವಾಗಲೂ ರಸ್ತೆಯ ನಡುವಿಗೆ ಹತ್ತಿರ ಇರಬೇಕು. ತಪ್ಪಾಗುವುದು ದಟ್ಟ ಟ್ರಾಫಿಕ್‌ನಲ್ಲಲ್ಲ, ಅಲ್ಲಿ ಮುಂದಿನ ಕಾರಿನ ಹಿಂದೆ ಹೋದರಾಯಿತು. ತಪ್ಪಾಗುವುದು ಖಾಲಿ ರಸ್ತೆಯಲ್ಲಿ. ಪೆಟ್ರೋಲ್ ಬಂಕಿನಿಂದ ಹೊರಬಂದು ಎಡಕ್ಕೆ ತಿರುಗುವಾಗ ಹಳೆ ಅಭ್ಯಾಸ ಮರಳಿ ಬರುತ್ತದೆ. ಆಗ ಪಕ್ಕದಲ್ಲಿ ಕೂತವರು 'ಬಲಕ್ಕೆ' ಎಂದು ಜೋರಾಗಿ ಹೇಳಲಿ.

ವೇಗದ ಮಿತಿ ಊರೊಳಗೆ 50. ಹೊರಗಿನ ಸಾಧಾರಣ ರಸ್ತೆಯಲ್ಲಿ 90, ದೊಡ್ಡ ಜೋಡಿ ರಸ್ತೆಯಲ್ಲಿ 110. ಹೆದ್ದಾರಿಯಲ್ಲಿ 130, ಮಳೆ ಬಂದರೆ 110. ಊರು ದಾಟಿದ ಮೇಲೆ ಹಗಲಿನಲ್ಲೂ ಹೆಡ್‌ಲೈಟ್ ಹಾಕಿರಬೇಕು. ಹಿಂದಿನವರು ತುಂಬಾ ಹತ್ತಿರ ಬರುತ್ತಾರೆ. ಗಾಬರಿಯಾಗಬೇಡಿ, ಜಾಗ ಸಿಕ್ಕ ಕಡೆ ಬಲಕ್ಕೆ ಸರಿದು ಬಿಟ್ಟುಬಿಡಿ. ಲೈಟ್ ಮಿಣುಕಿಸಿದರೆ 'ನೀವು ಹೋಗಿ' ಎಂದಲ್ಲ, 'ನಾನು ಬರುತ್ತಿದ್ದೇನೆ' ಎಂದು. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಓಡಿಸಿ ರೂಢಿಯಾದವರು ಮಾತ್ರ ನೆನಪಿಟ್ಟುಕೊಳ್ಳಿ.

ಝಡ್‌ಟಿಎಲ್ ಅಂದರೆ ಏನು? ಎಲ್ಲರೂ ಅದಕ್ಕೇ ಯಾಕೆ ಹೆದರುತ್ತಾರೆ?

ಝೋನಾ ಟ್ರಾಫಿಕೊ ಲಿಮಿಟಾಟೊ. ಹಳೆ ಊರಿನ ಒಳಭಾಗಕ್ಕೆ ಹೊರಗಿನವರ ಕಾರು ಹೋಗುವಂತಿಲ್ಲ ಎಂಬ ನಿಯಮ. ಇಟಲಿಯ ಬಹುಪಾಲು ಹಳೆ ಊರುಗಳಲ್ಲಿ ಇದೆ. ಯಾರೂ ತಡೆಯುವುದಿಲ್ಲ, ಗೇಟೂ ಇರುವುದಿಲ್ಲ. ಬಿಳಿ ವೃತ್ತಕ್ಕೆ ಕೆಂಪು ಅಂಚಿನ ಒಂದು ಫಲಕ, ಮೇಲೊಂದು ಕ್ಯಾಮೆರಾ, ಅಷ್ಟೇ. ನೀವು ದಾಟುತ್ತೀರಿ, ಕ್ಯಾಮೆರಾ ನಂಬರ್ ಪ್ಲೇಟಿನ ಚಿತ್ರ ತೆಗೆಯುತ್ತದೆ, ತಿಂಗಳುಗಳಾದ ಮೇಲೆ ದಂಡದ ಕಾಗದ ಬರುತ್ತದೆ. ನಿಮ್ಮ ಹೆಸರು, ವಿಳಾಸವನ್ನು ಪೊಲೀಸರಿಗೆ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿಗಳು ಬೇರೆ ಶುಲ್ಕ ಹಾಕುತ್ತವೆ. ಒಳಗೆ ಹೋಗಿ ದಾರಿ ತಪ್ಪಿ ಮತ್ತೆ ಇನ್ನೊಂದು ಕ್ಯಾಮೆರಾ ದಾಟಿದರೆ ಅದು ಎರಡನೇ ತಪ್ಪು.

ಹೆಚ್ಚು ಜನ ಮೋಸಹೋಗುವುದು ಎಲೆಕ್ಟ್ರಾನಿಕ್ ಫಲಕದ ಮಾತಿನಿಂದ. 'ವಾರ್ಕೊ ಆತ್ತೀವೊ' ಎಂದು ಇದ್ದರೆ 'ದ್ವಾರ ಚಾಲೂ ಇದೆ' ಎಂಬ ಅರ್ಥ. ಚಾಲೂ ಇರುವುದು ಕಾವಲು. ಅಂದರೆ ಹೋಗಬಾರದು. 'ವಾರ್ಕೊ ನೊನ್ ಆತ್ತೀವೊ' ಎಂದಿದ್ದರೆ ಹೋಗಬಹುದು. ನಾನು ಇದನ್ನು ಕಲಿತಿದ್ದು ದುಡ್ಡು ಕೊಟ್ಟು. ಮೊದಲ ಪ್ರವಾಸದಲ್ಲಿ ಒಂದು ಗುಡ್ಡದೂರಿನಲ್ಲಿ ನ್ಯಾವಿಗೇಶನ್ ಹೇಳಿದಂತೆ ಹೋಟೆಲಿನವರೆಗೆ ಹೋಗಿಬಿಟ್ಟೆ. ಏಳು ತಿಂಗಳ ಮೇಲೆ ಮನೆಗೆ ಕಾಗದ ಬಂತು. ವಿದೇಶದವರಿಗೆ ನೋಟಿಸ್ ಕಳಿಸಲು ಅವರಿಗೆ 360 ದಿನಗಳ ಅವಕಾಶ ಇದೆ.

ಹೋಟೆಲು ಹಳೆ ಊರಿನ ಒಳಗಿದ್ದರೆ ಹೊರಡುವ ಮೊದಲೇ ಬರೆದು ಕೇಳಿ: ಕಾರು ಎಲ್ಲಿ ನಿಲ್ಲಿಸಲಿ? ನನ್ನ ನಂಬರ್ ದಾಖಲಿಸುತ್ತೀರಾ? ಕೆಲವರು ಪೊಲೀಸರಿಗೆ ನಂಬರ್ ಕೊಟ್ಟು ಸಾಮಾನು ಇಳಿಸಲು ಅನುಮತಿ ಕೊಡಿಸುತ್ತಾರೆ. ನ್ಯಾವಿಗೇಶನ್‌ನಲ್ಲಿ ಹೋಟೆಲಿನ ಹೆಸರು ಹಾಕಲೇಬೇಡಿ. ಗೋಡೆಯ ಹೊರಗಿನ ಪಾರ್ಕಿಂಗ್‌ನ ಹೆಸರು ಹಾಕಿ.

ಪಾರ್ಕಿಂಗ್ ಗೆರೆಯ ಬಣ್ಣಗಳ ಅರ್ಥ ಏನು?

ಬಿಳಿ ಗೆರೆ ಉಚಿತ. ನೀಲಿ ಗೆರೆಗೆ ದುಡ್ಡು, ಪಕ್ಕದ ಮೆಷಿನ್‌ನಲ್ಲಿ ಚೀಟಿ ತೆಗೆದು ಗಾಜಿನ ಒಳಗೆ ಇಡಬೇಕು. ಹಳದಿ ಬೇರೆಯವರಿಗೆ ಮೀಸಲು, ಮುಟ್ಟಬೇಡಿ. ಬಿಳಿ ಗೆರೆಯ ಪಕ್ಕದ ಫಲಕದಲ್ಲಿ ಗಡಿಯಾರದ ಚಿತ್ರ ಇದ್ದರೆ ಸಮಯದ ಮಿತಿ ಇದೆ. ಬಂದ ಹೊತ್ತು ತೋರಿಸುವ ರಟ್ಟಿನ ಚಕ್ರವನ್ನು ಮುಂದಿನ ಗಾಜಿನ ಹಿಂದೆ ಇಡಬೇಕು, ಅದು ಸಾಮಾನ್ಯವಾಗಿ ಕಾರಿನಲ್ಲೇ ಇರುತ್ತದೆ. ವಾರದ ಸಂತೆಯ ದಿನ ಕೆಲವು ಬೀದಿಗಳಿಂದ ಕಾರು ಎತ್ತಿಕೊಂಡು ಹೋಗುತ್ತಾರೆ, ಫಲಕದ ಕೆಳಗಿನ ಸಣ್ಣ ಅಕ್ಷರವನ್ನೂ ಓದಿ. ಸಾಮಾನು ಕಾಣುವ ಹಾಗೆ ಬಿಡಬೇಡಿ.

ಟೋಲ್, ಪೆಟ್ರೋಲ್?

ಬಾರಿಯಿಂದ ಬ್ರಿಂದಿಸಿ ಮೂಲಕ ಲೆಚ್ಚೆವರೆಗೆ ಸುಮಾರು 150 ಕಿಲೋಮೀಟರ್. ಜೋಡಿ ರಸ್ತೆ, ಟೋಲ್ ಇಲ್ಲ. ನೇಪಲ್ಸ್ ಕಡೆಯಿಂದ ಬಂದರೆ ಟೋಲ್ ಇದೆ. ಹಳದಿ ಫಲಕದ ಟೆಲೆಪಾಸ್ (ನಮ್ಮ ಫಾಸ್ಟ್‌ಟ್ಯಾಗ್‌ನಂಥದ್ದು) ಸಾಲಿಗೆ ನುಗ್ಗಬೇಡಿ, ಬಿಳಿ ಫಲಕದ ಸಾಲಿನಲ್ಲಿ ನಗದು ನಡೆಯುತ್ತದೆ. ಹಸಿರು ಫಲಕ ಹೆದ್ದಾರಿಗೆ, ನೀಲಿ ಸಾಧಾರಣ ರಸ್ತೆಗೆ, ಕಂದು ನೋಡುವ ಜಾಗಗಳಿಗೆ.

ಬಂಕಿನಲ್ಲಿ 'ಬೆನ್‌ಝೀನಾ' ಅಂದರೆ ಪೆಟ್ರೋಲ್. 'ಗಝೋಲಿಯೊ' ಅಂದರೆ ಡೀಸೆಲ್! ಗ್ಯಾಸೊಲಿನ್ ಅಂದುಕೊಂಡು ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಿದವರು ಇದ್ದಾರೆ. 'ಸೆರ್ವಿತೊ' ಸಾಲಿನಲ್ಲಿ ಅವರು ಹಾಕುತ್ತಾರೆ, ಬೆಲೆ ಜಾಸ್ತಿ.

ಎಂಟು ದಿನ ಇದೆ. ಹೇಗೆ ಹಂಚಿಕೊಳ್ಳಲಿ?

ಮೊದಲ ರಾತ್ರಿ ಬಾರಿಯಲ್ಲಿ, ಕಾರಿಲ್ಲದೆ. ಹಳೆ ಬಾರಿಯ ಓಣಿಗಳಲ್ಲಿ ಹೆಂಗಸರು ಮನೆ ಮುಂದೆ ಮೇಜು ಹಾಕಿಕೊಂಡು ಒರೆಕ್ಕಿಯೆತ್ತೆ ಪಾಸ್ತಾ ಮಾಡುತ್ತಾರೆ. ಆ ಹೆಸರಿನ ಅರ್ಥ 'ಪುಟ್ಟ ಕಿವಿಗಳು'. ಸಂತ ನಿಕೋಲಸ್‌ನ ಚರ್ಚೂ ಅಲ್ಲೇ ಇದೆ. 1087ರಲ್ಲಿ ಬಾರಿಯ ನಾವಿಕರು ಈಗಿನ ತುರ್ಕಿಯಲ್ಲಿರುವ ಮೀರಾದಿಂದ ಅವನ ಅಸ್ಥಿಯನ್ನು ಇಲ್ಲಿಗೆ ತಂದರು. ಸಾಂಟಾ ಕ್ಲಾಸ್ ಕಥೆಗೆ ಮೂಲವಾದ ಸಂತ ಇವನೇ.

ಮರುದಿನ ಕಾರು ಹಿಡಿದು ಬಸಿಲಿಕಾತಾದ ಗುಹೆಮನೆಗಳ ಊರು ಮಾತೇರಾ, ಎರಡು ರಾತ್ರಿ. ಆಮೇಲೆ ಆಲ್ಬೆರೊಬೆಲ್ಲೊ ಇರುವ ಇತ್ರಿಯಾ ಕಣಿವೆಯಲ್ಲಿ ಎರಡು ರಾತ್ರಿ. ಕೊನೆಗೆ ಲೆಚ್ಚೆ ಅಥವಾ ಓತ್ರಾಂತೊದಲ್ಲಿ ಮೂರು. ಇಷ್ಟರಲ್ಲೇ ನೇಪಲ್ಸ್ ಬಳಿಯ ಅಮಾಲ್ಫಿ, ಸಿಸಿಲಿ ಕೂಡ ಸೇರಿಸಿಬಿಡೋಣ ಅನ್ನುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ದಿನಾ ಪೆಟ್ಟಿಗೆ ಕಟ್ಟುವ ಪ್ರವಾಸದಲ್ಲಿ ರಸ್ತೆ ಮಾತ್ರ ನೆನಪಿರುತ್ತದೆ.

ಮಾತೇರಾದಲ್ಲಿ ಎರಡು ರಾತ್ರಿ ಜಾಸ್ತಿ ಆಯಿತಲ್ಲ?

ಇಲ್ಲ. ಎರಡೂ ಬೇಕು. ಬಾರಿಯಿಂದ 65 ಕಿಲೋಮೀಟರ್ ಅಷ್ಟೇ, ಆದ್ದರಿಂದ ಹೆಚ್ಚಿನವರು ಹಗಲು ಬಂದು ಸಂಜೆ ಹೋಗುತ್ತಾರೆ. ಆದರೆ ಈ ಊರನ್ನು ನೋಡಬೇಕಾದ್ದು ಸಂಜೆ ದೀಪ ಹತ್ತಿದ ಮೇಲೆ, ಇಲ್ಲವೇ ಬೆಳಕು ಹರಿಯುವಾಗ.

ಇಲ್ಲಿ ಕಣಿವೆಯ ಮೆದು ಸುಣ್ಣಕಲ್ಲನ್ನು ಕೊರೆದು ಜನ ಮನೆ ಮಾಡಿಕೊಂಡರು. ಒಂದು ಮನೆಯ ಚಾವಣಿಯೇ ಮೇಲಿನ ಮನೆಯ ಅಂಗಳ. ಇವುಗಳಿಗೆ 'ಸಾಸ್ಸಿ' ಎನ್ನುತ್ತಾರೆ, ಅಂದರೆ ಕಲ್ಲುಗಳು. ಮಳೆನೀರು ಹಿಡಿಯಲು ಬಂಡೆಯೊಳಗೇ ತೊಟ್ಟಿ ಕೊರೆದಿದ್ದರು. ದೊಡ್ಡ ಚೌಕದ ಕೆಳಗಿನ ಪಾಲೊಂಬಾರೊ ಲುಂಗೊ ಎಂಬ ತೊಟ್ಟಿಗೆ ಇಳಿದು ನೋಡಿ, ನೆಲದಡಿ ಒಂದು ದೇವಾಲಯ ಕಟ್ಟಿದ ಹಾಗಿದೆ.

ಕಳೆದ ಶತಮಾನದ ನಡುವಿನವರೆಗೂ ಒಂದೇ ಗುಹೆಯಲ್ಲಿ ದೊಡ್ಡ ಸಂಸಾರ, ಜೊತೆಗೆ ಹೇಸರಗತ್ತೆ, ಕೋಳಿ. ಮಲೇರಿಯಾ, ಕೂಸುಗಳ ಸಾವು. ಇದು 'ದೇಶಕ್ಕೇ ನಾಚಿಕೆ' ಎಂದು ದೊಡ್ಡ ಗದ್ದಲವಾಯಿತು. 1952ರಲ್ಲಿ ಕಾನೂನು ಮಾಡಿ ಸುಮಾರು 15,000 ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸಿದರು. ಸಾಸ್ಸಿ ಖಾಲಿ ಬಿದ್ದವು. 1993ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. 2019ರಲ್ಲಿ ಮಾತೇರಾ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಯಿತು. ಈಗ ಅದೇ ಗುಹೆಗಳು ದುಬಾರಿ ಹೋಟೆಲುಗಳು. ಅಲ್ಲಿ ಮಲಗುವ ಮುನ್ನ, ಹಳೆ ಸಾಮಾನುಗಳನ್ನೆಲ್ಲ ಇದ್ದ ಹಾಗೆ ಜೋಡಿಸಿಟ್ಟ ಒಂದು ಗುಹೆಮನೆಯನ್ನು ದಯವಿಟ್ಟು ನೋಡಿ ಬನ್ನಿ.

ಕಾರಿನ ಉಪಯೋಗ ಇಲ್ಲೂ ಇದೆ. ಕಣಿವೆಯ ಆಚೆ ದಡದ ಮುರ್ಜಾ ತಿಮೋನೆ ಎಂಬಲ್ಲಿಗೆ ಹೋದರೆ ಇಡೀ ಊರು ಎದುರಿಗೆ ಕಾಣುತ್ತದೆ.

ಆಲ್ಬೆರೊಬೆಲ್ಲೊದ ಶಂಕುವಿನ ಮನೆಗಳು ನೋಡಲು ಯೋಗ್ಯವೇ, ಸುಮ್ನೆ ಫೋಟೊಗಾಗಿ ಇರುವ ಜಾಗವೇ?

ಯೋಗ್ಯ. ಆದರೆ ಹೊತ್ತು ನೋಡಿ ಹೋಗಿ. ಬೆಳಿಗ್ಗೆ ಹತ್ತರ ನಂತರ ಬಸ್ಸುಗಳು ಬಂದು ತುಂಬುತ್ತವೆ. ಎಂಟಕ್ಕೆ ಹೋದರೆ ಓಣಿ ನಿಮ್ಮದೇ.

ಆ ಮನೆಗಳಿಗೆ ತ್ರುಲ್ಲಿ ಎನ್ನುತ್ತಾರೆ. ಗಾರೆಯಿಲ್ಲದೆ ಒಣಕಲ್ಲನ್ನು ಒಂದರ ಮೇಲೊಂದು ಜೋಡಿಸಿದ ಮನೆಗಳು. ಊರೊಳಗೆ ಇಂಥವು 1,500ಕ್ಕೂ ಹೆಚ್ಚು ಇವೆ. ಗಾರೆ ಯಾಕಿಲ್ಲ ಎನ್ನುವುದಕ್ಕೆ ಊರವರು ಹೇಳುವ ಕಥೆ ಇದು: ಹೊಸ ಊರು ಕಟ್ಟಿದರೆ ರಾಜನಿಗೆ ತೆರಿಗೆ ಕೊಡಬೇಕಿತ್ತು. ಅದನ್ನು ತಪ್ಪಿಸಲು ಇಲ್ಲಿನ ಕೌಂಟ್, ಅಧಿಕಾರಿಗಳು ಬರುವ ಸುದ್ದಿ ಸಿಕ್ಕ ಕೂಡಲೇ ಕೆಡವಬಹುದಾದ ಮನೆಗಳನ್ನೇ ಕಟ್ಟಿ ಎಂದು ರೈತರಿಗೆ ಅಪ್ಪಣೆ ಮಾಡಿದ. 1797ರಲ್ಲಿ ರಾಜ ಫರ್ಡಿನಾಂಡ್ ಈ ಊರನ್ನು ಕೌಂಟ್‌ನ ಹಿಡಿತದಿಂದ ಬಿಡಿಸಿದ.

ರಿಯೋನೆ ಮೊಂತಿ ಭಾಗ ಅಂಗಡಿಗಳಿಂದ ತುಂಬಿದೆ. ಜನ ಇನ್ನೂ ವಾಸ ಮಾಡುವುದು ಅಯಾ ಪಿಕ್ಕೊಲಾ ಭಾಗದಲ್ಲಿ. ನನಗೆ ಅದೇ ಹೆಚ್ಚು ಇಷ್ಟವಾಯಿತು. ಆದರೆ ತ್ರುಲ್ಲಿಯ ನಿಜವಾದ ಚೆಲುವು ಊರ ಹೊರಗಿದೆ. ಲೊಕೊರೊತೊಂದೊ, ಮಾರ್ತೀನಾ ಫ್ರಾಂಕಾ, ಚಿಸ್ತೆರ್ನೀನೊ ನಡುವಿನ ಹಳ್ಳಿರಸ್ತೆಗಳಲ್ಲಿ ನಿಧಾನವಾಗಿ ಓಡಿಸಿ. ದ್ರಾಕ್ಷಿ ತೋಟದ ನಡುವೆ ಒಂಟಿ ತ್ರುಲ್ಲೊ ಸಿಗುತ್ತದೆ, ಪಕ್ಕದಲ್ಲಿ ಅಂಜೂರದ ಮರ. ಈ ಊರುಗಳು ಒಂದಕ್ಕೊಂದು ಕಾಲು ಗಂಟೆಯ ದಾರಿ.

ಒಣಗಿದ ಆಲಿವ್ ಮರಗಳು ಯಾಕೆ ಅಷ್ಟೊಂದು?

ಲೆಚ್ಚೆಯ ದಕ್ಷಿಣಕ್ಕೆ ಹೋದವರೆಲ್ಲ ಇದನ್ನು ಕೇಳುತ್ತಾರೆ. ಕಿಟಕಿಯಾಚೆ ಕಿಲೋಮೀಟರ್‌ಗಟ್ಟಲೆ ಬೂದು ಬಣ್ಣದ ಸತ್ತ ಮರಗಳು. ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾದ ಕೆಲಸ ಇದು. ಇಲ್ಲಿ ಪತ್ತೆಯಾದದ್ದು 2013ರಲ್ಲಿ. ಗಿಡದ ರಸ ಹೀರುವ ಸಣ್ಣ ಕೀಟ ಇದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಬ್ಯಾಕ್ಟೀರಿಯಾ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ, ಮರ ಬಾಯಾರಿ ಸಾಯುತ್ತದೆ. ಹೀಗೆ ಲಕ್ಷಾಂತರ ಮರಗಳು ಹೋದವು. ಅವುಗಳಲ್ಲಿ ನೂರಾರು ವರ್ಷ ಹಳೆಯವೂ ಇದ್ದವು. ರೋಗ ತಡೆಯುವ ಲೆಚ್ಚೀನೊದಂಥ ತಳಿಗಳನ್ನು ಈಗ ಮರಳಿ ನೆಡುತ್ತಿದ್ದಾರೆ. ಹಳೆಯ ಮಹಾಮರಗಳನ್ನು ನೋಡಬೇಕಾದರೆ ಒಸ್ತೂನಿ ಎಂಬ ಊರಿಗೂ ಸಮುದ್ರಕ್ಕೂ ನಡುವಿನ ಬಯಲಿಗೆ ಹೋಗಿ. ತಿರುಚಿಕೊಂಡ ಆ ಕಾಂಡಗಳ ಮುಂದೆ ಕಾರು ನಿಲ್ಲಿಸಿ ಇಳಿಯದೆ ಇರಲು ನನ್ನಿಂದ ಆಗಲಿಲ್ಲ.

ಕಡಲತೀರದಲ್ಲಿ ಯಾವ ಬದಿ ಒಳ್ಳೆಯದು?

ಗಾಳಿ ನೋಡಿ ಹೇಳಬೇಕು. ಸುಮ್ನೆ ಹೇಳುತ್ತಿಲ್ಲ, ಸಲೆಂತೊದ, ಅಂದರೆ ಹಿಮ್ಮಡಿಯ ತುದಿಯ ಕಡೆಯ, ಜನ ಬೆಳಿಗ್ಗೆ ಎದ್ದು ನೋಡುವುದೇ ಅದನ್ನು. ಹಿಮ್ಮಡಿಯ ಪೂರ್ವಕ್ಕೆ ಏಡ್ರಿಯಾಟಿಕ್ ಸಮುದ್ರ, ಬಂಡೆಗಳ ದಡ. ಪಶ್ಚಿಮಕ್ಕೆ ಅಯೋನಿಯನ್, ಮರಳಿನ ದಡ. ಉತ್ತರದಿಂದ ತ್ರಾಮೊಂತಾನಾ ಬೀಸಿದರೆ ಪೂರ್ವ ಕೆರಳುತ್ತದೆ, ಆಗ ಪಶ್ಚಿಮಕ್ಕೆ ಹೋಗಿ. ದಕ್ಷಿಣದಿಂದ ಶಿರೊಕ್ಕೊ ಬೀಸಿದರೆ ಪೂರ್ವಕ್ಕೆ. ಕಾರಿದ್ದರೆ ಒಂದು ಬದಿಯಿಂದ ಇನ್ನೊಂದಕ್ಕೆ ಹೆಚ್ಚೆಂದರೆ ಒಂದು ಗಂಟೆ.

ಓತ್ರಾಂತೊದಿಂದ ತುದಿಯ ಲೆವುಕಾವರೆಗಿನ ಸುಮಾರು 50 ಕಿಲೋಮೀಟರ್ ರಸ್ತೆಗೆ ಒಂದಿಡೀ ದಿನ ಕೊಡಿ. ಎಡಕ್ಕೆ ಸಮುದ್ರ, ಬಲಕ್ಕೆ ಕಲ್ಲಿನ ಇಳಿಜಾರು. ಓತ್ರಾಂತೊ ದಾಟಿದ ಕೂಡಲೇ ಪುಂತಾ ಪಲಾಶಿಯಾ, ಇಟಲಿಯ ತೀರಾ ಪೂರ್ವದ ಬಿಂದು. ಆಕಾಶ ತಿಳಿಯಾಗಿದ್ದರೆ ಆಚೆಗೆ ಅಲ್ಬೇನಿಯಾದ ಬೆಟ್ಟಗಳು ಕಾಣುತ್ತವೆ. ಕೊನೆಗೆ ಲೆವುಕಾದಲ್ಲಿ ದೀಪಸ್ತಂಭ. ಅದರ ಕೆಳಗೆ ಕಟ್ಟಿದ ಜಲಪಾತವೊಂದಿದೆ, ನೀರು ಬಿಡುವುದು ಅಪರೂಪಕ್ಕೆ. ದೊಡ್ಡ ನದಿಗಳಿಲ್ಲದ ಪುಲ್ಯಾಕ್ಕೆ ಬೆಟ್ಟದಾಚೆಯಿಂದ ಸೆಲೆ ನದಿಯ ಮೂಲದ ನೀರನ್ನು ಕಾಲುವೆಯಲ್ಲಿ ತಂದರು. ಬಾರಿಗೆ ಆ ನೀರು ಬಂದದ್ದು 1915ರಲ್ಲಿ. ಆ ಕಾಲುವೆ ಮುಗಿಯುವ ಜಾಗ ಇದು.

ಕಡಲತೀರದಲ್ಲಿ ತುಂಬಾ ಊರುಗಳ ಹೆಸರು 'ತೊರ್ರೆ' ಎಂದು ಶುರುವಾಗುತ್ತದೆ. ತೊರ್ರೆ ಅಂದರೆ ಗೋಪುರ. 16ನೇ ಶತಮಾನದಲ್ಲಿ ಸಮುದ್ರದಿಂದ ಬರುವ ದಾಳಿಗಳನ್ನು ಕಾಯಲು ದಡದುದ್ದಕ್ಕೂ ಕಾವಲು ಗೋಪುರ ಕಟ್ಟಿದರು.

ಒಂದೇ ಚರ್ಚ್ ನೋಡಲು ಸಮಯ ಇದೆ. ಯಾವುದು?

ಓತ್ರಾಂತೊದ ಕೆಥೆಡ್ರಲ್. ತಲೆ ಎತ್ತಬೇಡಿ, ನೆಲ ನೋಡಿ. 1163ರಿಂದ 1165ರವರೆಗೆ ಪಾಂತಲೆಯೋನೆ ಎಂಬ ಸನ್ಯಾಸಿಯ ಮುಂದಾಳತ್ವದಲ್ಲಿ ಇಡೀ ನೆಲಕ್ಕೆ ಮೊಸಾಯಿಕ್ ಹಾಸಿದರು. ಬಾಗಿಲಿನಿಂದ ಒಂದು ದೊಡ್ಡ ಮರ ಬೆಳೆಯುತ್ತಾ ಹೋಗುತ್ತದೆ. ಕೊಂಬೆಗಳಲ್ಲಿ ನೋಹನ ಹಡಗು, ಅಲೆಕ್ಸಾಂಡರ್, ರಾಜ ಆರ್ಥರ್, ಹನ್ನೆರಡು ತಿಂಗಳ ಬೇಸಾಯದ ಕೆಲಸಗಳು. ಆ ಮರವನ್ನು ಬುಡದಲ್ಲಿ ಹೊತ್ತು ನಿಂತಿರುವುದು ಎರಡು ಆನೆಗಳು! ಅಷ್ಟು ದೂರ ಹೋಗಿ ಆನೆಗಳನ್ನು ಕಂಡಾಗ ನನಗೆ ಆದ ಸಂತೋಷ ಹೇಳಲಾರೆ.

ಪಕ್ಕದ ಗುಡಿಯಲ್ಲಿ ಗಾಜಿನ ಹಿಂದೆ ತಲೆಬುರುಡೆಗಳಿವೆ. 1480ರಲ್ಲಿ ಆಟೊಮನ್ ಸೇನೆ ಊರು ಹಿಡಿದಾಗ ಕೊಂದ ಸುಮಾರು 800 ಜನರವು. ಚಿಕ್ಕ ಮಕ್ಕಳಿದ್ದರೆ ಮೊದಲೇ ಹೇಳಿ ಕರೆದೊಯ್ಯಿರಿ.

ಯಾವಾಗ ಹೋಗಬೇಕು? ಮಧ್ಯಾಹ್ನ ಎಲ್ಲ ಮುಚ್ಚಿರುತ್ತದಂತೆ, ನಿಜವೇ?

ಮೇ, ಜೂನ್, ಸೆಪ್ಟೆಂಬರ್. ಆಗಸ್ಟ್ ಬೇಡ: ಇಡೀ ಇಟಲಿಗೆ ರಜೆ, 15ರ ಹಬ್ಬದ ಸುತ್ತಮುತ್ತ ಕಾರು ನಿಲ್ಲಿಸಲೂ ಜಾಗ ಸಿಗದು.

ಮಧ್ಯಾಹ್ನದ ಮಾತು ನಿಜ. ಒಂದರಿಂದ ನಾಲ್ಕು, ಕೆಲವು ಕಡೆ ಐದರವರೆಗೆ ಅಂಗಡಿ, ಚರ್ಚು ಎಲ್ಲ ಮುಚ್ಚಿರುತ್ತವೆ. ಊರು ಮಲಗಿದಾಗ ನೀವು ರಸ್ತೆಯಲ್ಲಿರಿ ಅಥವಾ ಸಮುದ್ರದಲ್ಲಿರಿ. ರಾತ್ರಿ ಊಟ ಎಂಟರ ಮೊದಲು ಸಿಗುವುದು ಕಷ್ಟ. ಮಕ್ಕಳಿಗೆ ಫೊಕಾಚಾ (ಆಲಿವ್ ಎಣ್ಣೆ ಹಾಕಿದ ಚಪ್ಪಟೆ ಬ್ರೆಡ್) ಕಟ್ಟಿಸಿಕೊಂಡಿರಿ.

ಸಸ್ಯಾಹಾರಿಗಳು ಏನು ತಿನ್ನುವುದು?

ನೆಮ್ಮದಿಯಾಗಿ ತಿನ್ನಬಹುದು. ಇದು ಬಡ ರೈತರ ಅಡುಗೆ, ಕಾಳು ಮತ್ತು ಸೊಪ್ಪೇ ಅದರ ಬೆನ್ನೆಲುಬು. 'ಫಾವೆ ಎ ಚಿಕೋರಿಯಾ' ಕೇಳಿ. ಒಣ ಕಾಳನ್ನು ಬೇಯಿಸಿ ಅರೆದು, ಪಕ್ಕದಲ್ಲಿ ಕಹಿ ಸೊಪ್ಪು ಹಾಕಿ, ಮೇಲೆ ಆಲಿವ್ ಎಣ್ಣೆ ಸುರಿದಿರುತ್ತಾರೆ. ನಮ್ಮ ಮಸ್ಸೊಪ್ಪು ತಿಂದು ಬೆಳೆದವರಿಗೆ ಮೊದಲ ತುತ್ತಿಗೇ ಹಿಡಿಸುತ್ತದೆ. ಟೊಮೆಟೊ ಹಾಕಿದ ಬಾರಿಯ ಫೊಕಾಚಾ, ಆಲ್ತಾಮೂರಾದ ಬ್ರೆಡ್, ಆಂದ್ರಿಯಾದಲ್ಲಿ ಹುಟ್ಟಿದ ಬುರ್ರಾತಾ ಚೀಸ್ ಬಿಡಬೇಡಿ.

ಎಚ್ಚರ ಬೇಕಾದ್ದು ಎರಡು ಕಡೆ. ಸೊಪ್ಪು ಹಾಕಿದ ಒರೆಕ್ಕಿಯೆತ್ತೆಯಲ್ಲಿ ಹೆಚ್ಚಾಗಿ ಸಣ್ಣ ಮೀನು ಕರಗಿಸಿರುತ್ತಾರೆ, 'ಸೆನ್ಸಾ ಅಚ್ಚೂಗೆ' ಎಂದು ಹೇಳಿ. ಲೆಚ್ಚೆಯ ಪಾಸ್ತಿಚೊತ್ತೊ ಎಂಬ ಸಿಹಿಯ ಹೊರಪದರಕ್ಕೆ ಹಳೆ ಪದ್ಧತಿಯಲ್ಲಿ ಹಂದಿ ಕೊಬ್ಬು ಹಾಕುತ್ತಾರೆ. 'ಸ್ತ್ರುತ್ತೊ ಇದೆಯಾ' ಎಂದು ಕೇಳಿದರೆ ನಿಜ ಹೇಳುತ್ತಾರೆ.

ಅಮಾಲ್ಫಿ ಕಡಲತೀರದಲ್ಲಿ ಕಾರು ಓಡಿಸಲೇ?

ಬೇಡ. ಸುಮಾರು 50 ಕಿಲೋಮೀಟರ್‌ನ ಇಕ್ಕಟ್ಟಾದ ತಿರುವು ರಸ್ತೆ, ಎದುರಿಗೆ ದೊಡ್ಡ ಬಸ್ಸು, ಪಾರ್ಕಿಂಗ್ ವಿಪರೀತ ದುಬಾರಿ. ಜಂಗುಳಿಯ ದಿನಗಳಲ್ಲಿ ನಂಬರ್ ಪ್ಲೇಟಿನ ಸಮ, ಬೆಸ ಅಂಕಿ ನೋಡಿ ಕಾರು ಬಿಡುವ ನಿಯಮವೂ ಇದೆ. ಕಾರನ್ನು ಸಲೆರ್ನೊದಲ್ಲಿ ನಿಲ್ಲಿಸಿ ದೋಣಿಯಲ್ಲಿ ಹೋಗಿ. ಓಡಿಸಲೇಬೇಕೆಂದರೆ ಸಲೆರ್ನೊದಿಂದ ದಕ್ಷಿಣಕ್ಕೆ ಪಯೆಸ್ತುಮ್‌ಗೆ ಹೋಗಿ. ಸುಮಾರು 2,500 ವರ್ಷ ಹಳೆಯ ಗ್ರೀಕ್ ದೇವಾಲಯಗಳು ಬಯಲಿನಲ್ಲಿ ನಿಂತಿವೆ, ಸುತ್ತ ಎಮ್ಮೆಗಳ ಕೊಟ್ಟಿಗೆ.

ಕಾರು ಎಲ್ಲಿ ಹಿಂದಿರುಗಿಸಲಿ?

ಬಾರಿಗೆ ಮರಳುವ ಬದಲು ಬ್ರಿಂದಿಸಿ ವಿಮಾನ ನಿಲ್ದಾಣದಲ್ಲಿ ಕೊಟ್ಟರೆ ನೂರು ಕಿಲೋಮೀಟರ್‌ಗೂ ಹೆಚ್ಚು ಉಳಿಯುತ್ತದೆ. ಬೇರೆ ಊರಿನಲ್ಲಿ ಬಿಡುವುದಕ್ಕೆ ಶುಲ್ಕ ಎಷ್ಟೆಂದು ಬುಕ್ ಮಾಡುವಾಗಲೇ ಕೇಳಿ. ಟ್ಯಾಂಕ್ ತುಂಬಿಸಿ ಚೀಟಿ ಇಟ್ಟುಕೊಳ್ಳಿ, ಮತ್ತೊಮ್ಮೆ ಸುತ್ತ ವೀಡಿಯೊ ಮಾಡಿ.

ವಿಮಾನಕ್ಕೆ ಎರಡು ಮೂರು ಗಂಟೆ ಉಳಿದಿದ್ದರೆ ಬ್ರಿಂದಿಸಿಯ ಬಂದರಿಗೆ ಹೋಗಿ. ಮೆಟ್ಟಿಲುಗಳ ಮೇಲೆ ರೋಮನ್ ಕಾಲದ ಕಂಬವೊಂದಿದೆ. ರೋಮಿನಿಂದ ಬಂದ ಆಪ್ಪಿಯಾ ಹೆದ್ದಾರಿ ಮುಗಿಯುತ್ತಿದ್ದ ಊರು ಇದು. ಮೊದಲು ಇಲ್ಲಿ ಎರಡು ಕಂಬಗಳಿದ್ದವು. 1528ರಲ್ಲಿ ಒಂದು ಬಿತ್ತು, ಅದರ ತುಂಡುಗಳು ಈಗ ಲೆಚ್ಚೆಯ ಚೌಕದಲ್ಲಿ ಸಂತ ಒರೊಂತ್ಸೊನ ಪ್ರತಿಮೆಯನ್ನು ಹೊತ್ತಿವೆ. 1870ರಿಂದ ಮೊದಲ ಮಹಾಯುದ್ಧ ಶುರುವಾಗುವವರೆಗೆ ಲಂಡನ್ನಿನಿಂದ ಭಾರತಕ್ಕೆ ಬರುವ ಅಂಚೆ ರೈಲಿನಲ್ಲಿ ಇಲ್ಲಿಗೆ ತಲುಪುತ್ತಿತ್ತು. ಈ ಬಂದರಿನಲ್ಲಿ ಹಡಗು ಹತ್ತಿ ಸೂಯೆಜ್ ಮೂಲಕ ಮುಂಬೈಗೆ ಹೋಗುತ್ತಿತ್ತು. ಕಂಬದ ಕೆಳಗಿನ ಮೆಟ್ಟಿಲ ಮೇಲೆ ಕೂತರೆ ಆ ನೀರೇ ಎದುರಿಗೆ ಕಾಣುತ್ತದೆ. ಆದರೆ ಕಾರನ್ನು ಮೊದಲು ನೀಲಿ ಗೆರೆಯೊಳಗೆ ನಿಲ್ಲಿಸಿ, ಚೀಟಿ ತೆಗೆದು ಹೋಗಿ.